ಕೆಟ್ಟು ನಿಂತ ಹಳೆಯ ಟ್ರ್ಯಾಕ್ಟರಿಗೆ ಬೆಲೆ ಕಟ್ಟುವುದು ಹೇಗೆ?

ಕೊಟ್ಟಿಗೆಯ ಹಿಂದೆ ನಿಂತಿರುವ ಹಳೆಯ ಟ್ರ್ಯಾಕ್ಟರನ್ನು ನೋಡಲು ಹೋದರೆ ಮಾಲೀಕರು ಆಡುವ ಮೊದಲ ಮಾತು ಹೆಚ್ಚೂಕಡಿಮೆ ಎಲ್ಲ ಊರಿನಲ್ಲೂ ಒಂದೇ: "ಬ್ಯಾಟರಿ ಒಂದು ಹೋಗಿದೆ ಅಷ್ಟೇ. ಹಾಕಿದರೆ ಈಗಲೇ ಸ್ಟಾರ್ಟ್ ಆಗುತ್ತದೆ." ಹನ್ನೊಂದು ವರ್ಷದಿಂದ ಒಂದು ಬ್ಯಾಟರಿ ಹಾಕಿ ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ. ಹಾಗೆ ಕೇಳಿದರೆ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ತಲೆಯಾಡಿಸಿ, ಕೊಟ್ಟ ಕಾಫಿ ಕುಡಿದು, ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬನ್ನಿ.

ಈ ಮಾತನ್ನು ಒಮ್ಮೆ ನಂಬಿ ನಾನು ಕೆಟ್ಟಿದ್ದೇನೆ. ಹದಿನೈದು ವರ್ಷದ ಹಿಂದೆ ಒಂದು ಹಳೆಯ ಮ್ಯಾಸಿ 1035 ತಂದೆ. ಎಂಜಿನ್ನಿಗೆ ಚೊಕ್ಕವಾಗಿ ಬೂದು ಬಣ್ಣ ಹೊಡೆದಿದ್ದರು. ಮನೆಗೆ ತಂದ ಮೇಲೆ ಸೀಮೆಎಣ್ಣೆ ಹಾಕಿ ತೊಳೆದರೆ, ಸೆಲ್ಫ್ ಮೋಟರಿನ ಹಿಂದಿನ ಮೂಲೆಯಲ್ಲಿ ಅಂಗೈಯಗಲ ಬಣ್ಣ ಕಳಚಿ ಬಂತು. ಅದರ ಕೆಳಗೆ ತೂತು ಮುಚ್ಚುವ ಅಂಟು ಎಂ-ಸೀಲ್, ಎಂ-ಸೀಲಿನ ಕೆಳಗೆ ಎಂಜಿನ್ನಿನ ಎರಕದ ಒಡಲಾದ ಬ್ಲಾಕಿನಲ್ಲಿ ಒಂದು ತೂತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಹೊರಗೆ ಬಂದ ಜಾಗ ಅದು. ಆ ತೂತಿಗೆ ನಾನು ಕೊಟ್ಟ ದುಡ್ಡಿನಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊಳ್ಳುವವರಿಗೆ ಹೇಗೋ ಹಾಗೆ, ಅಪ್ಪನ ಕಾಲದ ಟ್ರ್ಯಾಕ್ಟರನ್ನು ಮಾರಬೇಕೆಂದಿರುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಒಳ್ಳೆಯ ಗಾಡಿ ಗುಜರಿ ದರಕ್ಕೆ ಹೋಗಿರುವುದನ್ನೂ ನೋಡಿದ್ದೇನೆ.

ನನ್ನ ಲೆಕ್ಕ ಇಷ್ಟು: ಓಡುವ ಟ್ರ್ಯಾಕ್ಟರಿಗೆ ಅದರ ದುಡಿಮೆಯಿಂದ ಬೆಲೆ ಬರುತ್ತದೆ, ನಿಂತ ಟ್ರ್ಯಾಕ್ಟರಿಗೆ ಅದು ನಿಂತ ಕಾರಣದಿಂದ ಬೆಲೆ ಬರುತ್ತದೆ. ಕಾರಣ ಗೊತ್ತಾಗುವವರೆಗೆ ಯಾರು ಎಷ್ಟೇ ಹೇಳಲಿ, ಅದು ಊಹೆ.

ಮೊದಲು, ಗಾಡಿ ಯಾವುದು?

ಬಾನೆಟ್ಟಿನ ಮೇಲಿನ ಹೆಸರನ್ನು ನಂಬಬೇಡಿ. ಹಳೆಯ ಗಾಡಿಗಳಿಗೆ ಬೇರೆ ಗಾಡಿಯ ಬಾನೆಟ್, ಬೇರೆ ಮಡ್‌ಗಾರ್ಡ್ ಹಾಕಿರುವುದು ಮಾಮೂಲು. ಚಾಸಿ ನಂಬರು ಮತ್ತು ಎಂಜಿನ್ ನಂಬರನ್ನು ಹುಡುಕಿ, ವೈರ್ ಬ್ರಶ್ಶಿನಲ್ಲಿ ಉಜ್ಜಿ, ಫೋಟೋ ತೆಗೆದುಕೊಳ್ಳಿ. ಅಕ್ಷರ ಸವೆದಿದ್ದರೆ ಅದರ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಆಡಿಸಿ. ಕಣ್ಣಿಗೆ ಕಾಣದ ಅಂಕಿ ಕಾಗದದ ಮೇಲೆ ಮೂಡುತ್ತದೆ. ನಂಬರಿನ ಜಾಗವನ್ನು ಯಾರಾದರೂ ಗ್ರೈಂಡ್ ಮಾಡಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ, ಮುಂದಿನ ಯಾವ ಹೆಜ್ಜೆಯೂ ಬೇಡ.

ಗಾಡಿಯ ಜಾತಕ ಯಾಕೆ ಬೇಕೆಂದರೆ, ನಿಂತ ಟ್ರ್ಯಾಕ್ಟರಿನ ಅರ್ಧ ಬೆಲೆ ಬಿಡಿಭಾಗದ ಅಂಗಡಿಯಲ್ಲಿರುತ್ತದೆ. ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿಯ ಮ್ಯಾಸಿ 1035ಕ್ಕೆ ಇವತ್ತಿಗೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್ ಸಿಗುತ್ತವೆ, ಏಕೆಂದರೆ ಅದೇ ವಂಶದ ಗಾಡಿಗಳು ಇನ್ನೂ ಓಡಾಡುತ್ತಿವೆ. ಮಹೀಂದ್ರದ ಬಿ-275ಕ್ಕೂ ಅದೇ ಅದೃಷ್ಟ. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಹುಟ್ಟಿದ ಕಂಪನಿಯ ಗಾಡಿ ಅದು. 275 ಎಂಬ ಅಂಕಿ ಮಹೀಂದ್ರದ ಬಾನೆಟ್ಟಿನ ಮೇಲೆ ಇಂದಿಗೂ ಇದೆ. 1974ರಲ್ಲಿ ಪಂಜಾಬಿನಿಂದ ಬಂದ ಸ್ವರಾಜ್ 724ಕ್ಕೂ ಭಯವಿಲ್ಲ.

ಎಚ್‌ಎಂಟಿ 2511ರ ಕಥೆ ಬೇರೆ. ಗಡಿಯಾರದಿಂದ ನಮಗೆಲ್ಲ ಪರಿಚಿತವಾದ, ಬೆಂಗಳೂರಿನ ಅದೇ ಎಚ್‌ಎಂಟಿ 1971ರಲ್ಲಿ ಚೆಕೊಸ್ಲೊವಾಕಿಯಾದ ಝೀಟರ್ ಮಾದರಿಯನ್ನು ಹರಿಯಾಣದ ಪಿಂಜೋರಿನಲ್ಲಿ ಮಾಡಲು ತೊಡಗಿತು. ಎರಡು ಸಿಲಿಂಡರ್, 25 ಅಶ್ವಶಕ್ತಿ, ಕಲ್ಲಿನಂಥ ಗಾಡಿ. ಆದರೆ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಈಗ ಅದರ ಭಾಗ ಬೇಕೆಂದರೆ ಎಷ್ಟೋ ಸಲ ಇನ್ನೊಂದು ಸತ್ತ ಎಚ್‌ಎಂಟಿಯನ್ನು ಹುಡುಕಬೇಕು. ಇದು ಬೆಲೆಯನ್ನು ಎರಡೂ ಕಡೆ ಎಳೆಯುತ್ತದೆ: ರಿಪೇರಿ ಮಾಡಿಸುವವನಿಗೆ ಬೆಲೆ ಇಳಿಯುತ್ತದೆ, ಮನೆಯಲ್ಲಿ ಇನ್ನೊಂದು 2511 ಇಟ್ಟುಕೊಂಡು ಭಾಗಗಳಿಗಾಗಿ ಅಲೆಯುತ್ತಿರುವವನಿಗೆ ಏರುತ್ತದೆ. ಮಾರುವವರು ಇಂಥವನನ್ನು ಹುಡುಕಿದರೆ ಗುಜರಿಯವನು ಕೊಡುವುದಕ್ಕಿಂತ ಖಂಡಿತ ಹೆಚ್ಚು ಸಿಗುತ್ತದೆ.

"ಹಳೆಯದು, ವಿಂಟೇಜು, ವಿದೇಶದಲ್ಲಿ ಇದಕ್ಕೆ ಲಕ್ಷಗಟ್ಟಲೆ ಕೊಡುತ್ತಾರೆ" ಎಂಬ ವಾದವೂ ಬರುತ್ತದೆ. ಇಂಗ್ಲೆಂಡಿನಲ್ಲಿ 1946ರಿಂದ 1956ರವರೆಗೆ ತಯಾರಾದ ಪುಟ್ಟ ಬೂದು ಫರ್ಗುಸನ್‌ಗಳನ್ನು ಪ್ರೀತಿಯಿಂದ ಸಾಕಿಕೊಂಡಿರುವವರಿದ್ದಾರೆ, ನಿಜ. ಅಲ್ಲಿ ಕೂಡ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ ಅಪರೂಪದ್ದೇನಲ್ಲ. ನಮ್ಮಲ್ಲಿ ಹಳೆಯ ಟ್ರ್ಯಾಕ್ಟರಿನ ಗಿರಾಕಿ ಬಹುತೇಕ ರೈತನೇ; ಅವನಿಗೆ ಬೇಕಾದದ್ದು ಗದ್ದೆ ಕೆಸರು ಮಾಡಲು, ಟ್ರೈಲರ್ ಎಳೆಯಲು, ತೆಂಗಿನ ತೋಟಕ್ಕೆ ಗೊಬ್ಬರ ಹೊರಲು ಒಂದು ಅಗ್ಗದ ಗಾಡಿ. ಸಂಗ್ರಾಹಕನೊಬ್ಬ ಬರುವನೆಂದು ಲೆಕ್ಕ ಹಾಕಬೇಡಿ. ಬಂದರೆ ಅದು ಲಾಭ.

ಯಾಕೆ ನಿಂತಿತು, ಯಾವಾಗ ನಿಂತಿತು

ಈ ಎರಡು ಪ್ರಶ್ನೆಗಳನ್ನು ಮಾಲೀಕರಿಗೆ ಒಮ್ಮೆ, ಹಿಂದೆ ಓಡಿಸುತ್ತಿದ್ದ ಡ್ರೈವರಿಗೆ ಒಮ್ಮೆ, ಪಕ್ಕದ ಮನೆಯವರಿಗೆ ಒಮ್ಮೆ ಕೇಳಿ. ಮೂರೂ ಉತ್ತರ ಹೊಂದಿದರೆ ಒಳ್ಳೆಯದು. ಡ್ರೈವರು ಸಿಕ್ಕರೆ ಅವನ ಮಾತಿಗೆ ಹೆಚ್ಚು ತೂಕ ಕೊಡಿ. "ಹೊಸದು ತಂದರು, ಇದನ್ನು ಮೂಲೆಗೆ ನಿಲ್ಲಿಸಿದರು" ಎಂದರೆ ಗಾಡಿ ಓಡುತ್ತಲೇ ನಿಂತಿದೆ. ನಿಂತ ಗಾಡಿಗಳಲ್ಲಿ ಇದು ಎಲ್ಲಕ್ಕಿಂತ ಒಳ್ಳೆಯ ಜಾತಿ. "ಹೊಗೆ ಹೆಚ್ಚಾಗಿತ್ತು, ಏರು ಎಳೆಯುತ್ತಿರಲಿಲ್ಲ" ಎಂದರೆ ಪಿಸ್ಟನ್ನಿನ ರಿಂಗು, ಪಿಸ್ಟನ್ ಓಡಾಡುವ ಕೊಳವೆಯಾದ ಲೈನರ್ ಸವೆದಿವೆ. ಖರ್ಚಿದೆ, ಆದರೆ ಗೊತ್ತಿರುವ ಖರ್ಚು. "ನೀರು ಕುದಿಯುತ್ತಿತ್ತು" ಎಂದರೆ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಅಥವಾ ಬ್ಲಾಕು ಬಿರುಕು ಬಿಟ್ಟಿರುವ ಅನುಮಾನ. "ಓಡುತ್ತಾ ಓಡುತ್ತಾ ದಡಕ್ಕನೆ ಶಬ್ದ ಬಂದು ನಿಂತಿತು" ಎಂದು ಯಾರಾದರೂ ಬಾಯಿ ತಪ್ಪಿ ಹೇಳಿದರೆ ಎಂಜಿನ್ನಿಗೆ ಒಂದು ರೂಪಾಯಿಯನ್ನೂ ಲೆಕ್ಕ ಹಾಕಬೇಡಿ.

ಇನ್ನೊಂದು ಜಾತಿಯಿದೆ: ಮೆಕ್ಯಾನಿಕ್ ಬಿಚ್ಚಿಟ್ಟು ಹೋದದ್ದು. ಹೆಡ್ ಒಂದು ಕಡೆ, ಪಂಪ್ ಒಂದು ಗೋಣಿಚೀಲದಲ್ಲಿ, ನಟ್ಟು-ಬೋಲ್ಟು ಹಳೆಯ ಆಯಿಲ್ ಡಬ್ಬದಲ್ಲಿ. "ಎಲ್ಲ ಸಾಮಾನು ಇದೆ" ಎನ್ನುತ್ತಾರೆ. ಎಲ್ಲ ಸಾಮಾನು ಇರುವ ಗೋಣಿಚೀಲವನ್ನು ನಾನಿನ್ನೂ ಕಂಡಿಲ್ಲ. ಮೇಲಾಗಿ, ಬಿಚ್ಚಿದ ಮೆಕ್ಯಾನಿಕ್ ಏನನ್ನೋ ಕಂಡೇ ಕೆಲಸ ನಿಲ್ಲಿಸಿರುತ್ತಾನೆ.

ಯಾವಾಗ ಎಂಬುದಕ್ಕಿಂತಲೂ ಎಲ್ಲಿ ನಿಂತಿತ್ತು ಎಂಬುದು ಮುಖ್ಯ. ಮಾಡಿನ ಕೆಳಗೆ ಹತ್ತು ವರ್ಷ ನಿಂತದ್ದು, ಮಲೆನಾಡಿನ ಮಳೆಯಲ್ಲಿ ಎರಡು ವರ್ಷ ನಿಂತದ್ದಕ್ಕಿಂತ ಲೇಸು. ಸೈಲೆನ್ಸರ್ ಕೊಳವೆ ನೆಟ್ಟಗೆ ಆಕಾಶ ನೋಡುತ್ತಿದೆಯೇ, ಅದರ ಬಾಯಿಗೆ ಮುಚ್ಚಳವಾಗಲೀ ಕವುಚಿದ ಡಬ್ಬವಾಗಲೀ ಇತ್ತೇ? ಇಲ್ಲದಿದ್ದರೆ ಪ್ರತಿ ಮಳೆಗಾಲದ ನೀರೂ ಅದರೊಳಗೆ ಇಳಿದು, ತೆರೆದುಕೊಂಡಿದ್ದ ವಾಲ್ವಿನ ಮೂಲಕ ಯಾವುದೋ ಒಂದು ಸಿಲಿಂಡರಿಗೆ ಹೋಗಿ ಕುಳಿತಿದೆ. ಪಿಸ್ಟನ್ನು ಲೈನರಿಗೆ ತುಕ್ಕು ಹಿಡಿದು ಅಂಟಿಕೊಳ್ಳುವುದು ಹೀಗೆ. ಅದೇ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದರೆ ಸಂತೋಷಪಡಿ, ಅದೂ ಒಂದು ಮುಚ್ಚಳವೇ.

ಎಂಜಿನ್ ಕೈಯಲ್ಲಿ ತಿರುಗುತ್ತದೆಯೇ?

ಇಡೀ ಪರೀಕ್ಷೆಯಲ್ಲಿ ದುಡ್ಡಿನ ಲೆಕ್ಕದಲ್ಲಿ ದೊಡ್ಡದು ಇದೇ, ಆದ್ದರಿಂದ ಅವಸರ ಬೇಡ. ಚಕ್ರಗಳಿಗೆ ಕಲ್ಲು ಕೊಡಿ. ಬ್ಯಾಟರಿ ತಂತಿ ಇದ್ದರೆ ಬಿಚ್ಚಿ. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಬಹಳ ವರ್ಷ ನಿಂತ ಗಾಡಿಯಲ್ಲಿ ಲಿವರೇ ಅಲುಗಾಡದೆ ಇರಬಹುದು, ಆಗ ಹಿಂದಿನ ಒಂದು ಚಕ್ರವನ್ನು ಜ್ಯಾಕಿನಲ್ಲಿ ಎತ್ತಿ ಭದ್ರ ಮಾಡಿಕೊಳ್ಳಬೇಕು. ಫ್ಯಾನ್ ಬೆಲ್ಟನ್ನು ಎಳೆಯುವುದರಿಂದ ಏನೂ ತಿಳಿಯುವುದಿಲ್ಲ. ಮುಂಭಾಗದಲ್ಲಿ ಕ್ರ್ಯಾಂಕಿನ ಪುಲ್ಲಿಯ ನಟ್ಟಿಗೆ, ಅಥವಾ ಹ್ಯಾಂಡಲ್ ಹಾಕುವ ಹಲ್ಲಿದ್ದರೆ ಅದಕ್ಕೆ, ಉದ್ದ ಹಿಡಿಯ ಸ್ಪ್ಯಾನರ್ ಕೊಟ್ಟು ಎಂಜಿನ್ ಓಡುವ ದಿಕ್ಕಿಗೇ ಮೆಲ್ಲಗೆ ಒತ್ತಿ. ಮುಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು ಅದು.

ಕೈಗೆ ಬರುವ ಸುದ್ದಿ ನಾಲ್ಕು ಬಗೆಯದು. ಒಂದು ಸುತ್ತಿನಲ್ಲಿ ಕೆಲವು ಕಡೆ ಬಿಗಿಯಾಗಿ, ಕೈಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಒದೆಯುತ್ತಿದ್ದರೆ ಕಂಪ್ರೆಷನ್ ಇದೆ, ಎಂಜಿನ್ ಜೀವಂತ. ಯಾವ ಪ್ರತಿರೋಧವೂ ಇಲ್ಲದೆ ಸಲೀಸಾಗಿ ತಿರುಗಿದರೆ ಖುಷಿಪಡಬೇಡಿ. ವಾಲ್ವುಗಳು ತೆರೆದಲ್ಲೇ ಅಂಟಿಕೊಂಡಿವೆ, ಇಲ್ಲವೇ ರಿಂಗುಗಳು ಪೂರ್ತಿ ಹೋಗಿವೆ. ಅರ್ಧ ಸುತ್ತು ಬಂದು ಗೋಡೆಗೆ ಬಡಿದಂತೆ ನಿಂತರೆ ಅಲ್ಲಿಗೇ ನಿಲ್ಲಿಸಿ. ಸಿಲಿಂಡರಿನಲ್ಲಿ ನೀರಿರಬಹುದು. ನೀರು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ. ಒತ್ತಾಯ ಮಾಡಿದರೆ ಬಾಗುವುದು ಕನೆಕ್ಟಿಂಗ್ ರಾಡ್. ಒಂದಿಂಚೂ ಅಲುಗದಿದ್ದರೆ ಎಂಜಿನ್ ಜಾಮ್.

"ಇನ್ನೊಂದು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ, ಟಾಪ್ ಗೇರಿನಲ್ಲಿ ಎಳೆದುಬಿಡೋಣ" ಎನ್ನುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ದಯವಿಟ್ಟು ಬಿಡಬೇಡಿ. ಸಾವಿರಗಳಲ್ಲಿ ಮುಗಿಯಬಹುದಾದ ಕೆಲಸ ಅರ್ಧ ಗಂಟೆಯಲ್ಲಿ ಲಕ್ಷದ ಹತ್ತಿರ ಹೋಗುತ್ತದೆ. ಅದೃಷ್ಟವಶಾತ್ ಸ್ಟಾರ್ಟ್ ಆದರೂ ಅಪಾಯ ತಪ್ಪುವುದಿಲ್ಲ: ಡೀಸೆಲ್ ಪಂಪಿನೊಳಗೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಯಂತ್ರಿಸುವ ರ‍್ಯಾಕ್ ಪೂರ್ತಿ ತೆರೆದಲ್ಲಿ ಅಂಟಿಕೊಂಡಿದ್ದರೆ ಎಂಜಿನ್ ಕೈಮೀರಿ ಓಡುತ್ತದೆ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ಆಗ ಉಳಿದಿರುವುದು ಗಾಳಿ ಹೋಗುವ ಬಾಯಿಯನ್ನು ಒಂದು ಗಟ್ಟಿ ಹಲಗೆಯಿಂದ ಮುಚ್ಚುವ ದಾರಿ ಮಾತ್ರ, ಕೈಯನ್ನಾಗಲೀ ಬಟ್ಟೆಯನ್ನಾಗಲೀ ಅಲ್ಲಿಗೆ ಒಯ್ಯಬಾರದು.

ಜಾಮ್ ಆದದ್ದನ್ನು ಬಿಡಿಸುವ ನಾಟಿ ವಿಧಾನ ಇದೆ. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಪವರ್ ಸ್ಟಿಯರಿಂಗಿಗೆ ಹಾಕುವ ತೆಳು ಆಯಿಲನ್ನು ಬೆರೆಸಿ ಸುರಿದು, ವಾರಗಟ್ಟಲೆ ನೆನೆಯಲು ಬಿಟ್ಟು, ದಿನಕ್ಕೊಮ್ಮೆ ಸ್ಪ್ಯಾನರಿನಲ್ಲಿ ಅತ್ತಿತ್ತ ಅಲುಗಿಸಿ ನೋಡುವುದು. ಎಷ್ಟೋ ಸಲ ಕೆಲಸ ಮಾಡುತ್ತದೆ. ಆದರೆ ಬೆಲೆ ಕಟ್ಟುವ ದಿನ ಇದಕ್ಕೆ ಸಮಯವಿರುವುದಿಲ್ಲ. ಆ ದಿನ ಜಾಮ್ ಎಂದರೆ ಲೈನರ್, ಪಿಸ್ಟನ್, ಬೇರಿಂಗ್ ಎಲ್ಲವೂ ಹೊಸದು ಎಂದೇ ಬರೆದುಕೊಳ್ಳಿ. ಮಾರುವವರು ನೀವಾದರೆ, ಗಿರಾಕಿ ಬರುವ ಒಂದು ತಿಂಗಳ ಮೊದಲೇ ಈ ನೆನೆಹಾಕುವ ಕೆಲಸವನ್ನು ಮೆಕ್ಯಾನಿಕ್ಕಿನ ಕೈಯಲ್ಲಿ ಮಾಡಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಬೆಲೆ ಏರಿಸುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ.

ಆಯಿಲ್ ಹೇಳುವ ಸತ್ಯ

ಡಿಪ್‌ಸ್ಟಿಕ್ ಎಳೆದು ನೋಡುವುದು ಸಾಲದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ನೀರು ತಳಕ್ಕೆ ಇಳಿದು, ಆಯಿಲ್ ಮೇಲೆ ತೇಲುತ್ತಿರುತ್ತದೆ. ಕಡ್ಡಿಗೆ ಹತ್ತುವುದು ಮೇಲಿನ ಕಪ್ಪು ಆಯಿಲ್ ಮಾತ್ರ. ಮಾಲೀಕರ ಅನುಮತಿ ಕೇಳಿ, ಒಂದು ಹಳೆಯ ಬಾಣಲೆಯನ್ನು ಕೆಳಗಿಟ್ಟು, ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನ ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿ. ಕಳೆದ ವರ್ಷ ಒಂದು ಫೋರ್ಡ್ 3600ರ ಅಡಿಯಲ್ಲಿ ಮಲಗಿ ಹೀಗೆ ಮಾಡಿದಾಗ, ಮೊದಲು ತೊಟ್ಟಿಕ್ಕಿದ್ದು ತುಕ್ಕಿನ ಬಣ್ಣದ ನೀರು. ಸುಮಾರು ಒಂದು ಲೋಟ ನೀರು ಹೋದ ಮೇಲೆ ದಾರ ದಪ್ಪವಾಯಿತು, ಕಪ್ಪಾಯಿತು, ಸದ್ದಿಲ್ಲದೆ ಇಳಿಯತೊಡಗಿತು. ಬೋಲ್ಟ್ ಬಿಗಿದು ಎದ್ದೆ. ಮಾಲೀಕರೂ ಬಾಣಲೆ ನೋಡಿದ್ದರು. ಆಮೇಲೆ ಬೆಲೆಯ ಬಗ್ಗೆ ಹೆಚ್ಚು ಮಾತು ಬೇಕಾಗಲಿಲ್ಲ.

ಒಂದು ಲೋಟ ನೀರು ಮಳೆಯದ್ದೂ ಇರಬಹುದು. ಆಯಿಲ್ ಚಹಾಕ್ಕೆ ಹಾಲು ಬೆರೆಸಿದಂತೆ ಪೂರ್ತಿ ಬೆರೆತಿದ್ದರೆ ಮಾತ್ರ ಎಂಜಿನ್ ಓಡುತ್ತಿರುವಾಗಲೇ ನೀರು ಒಳಬಂದಿದೆ: ಹೆಡ್ ಗ್ಯಾಸ್ಕೆಟ್, ಹೆಡ್ಡಿನ ಬಿರುಕು, ಅಥವಾ ಲೈನರ್ ನೇರವಾಗಿ ನೀರಿಗೆ ತಾಗುವ ಎಂಜಿನ್ನಾದರೆ ಅದರ ಬುಡದ ರಬ್ಬರ್ ರಿಂಗ್. ರೇಡಿಯೇಟರ್ ಮುಚ್ಚಳ ತೆಗೆದು ಬೆರಳಾಡಿಸಿ, ಜಿಡ್ಡು ಹತ್ತಿದರೆ ಅದೇ ಕಾಯಿಲೆಯ ಇನ್ನೊಂದು ಮುಖ. ಚಳಿದೇಶದವರು ಬರೆದ ಪುಸ್ತಕಗಳಲ್ಲಿ ನೀರು ಹೆಪ್ಪುಗಟ್ಟಿ ಬ್ಲಾಕು ಸೀಳುವ ಬಗ್ಗೆ ಪುಟಗಟ್ಟಲೆ ಇರುತ್ತದೆ. ನಮ್ಮ ಸೀಮೆಯ ಶತ್ರು ಬೋರ್‌ವೆಲ್ ನೀರು. ಕೂಲೆಂಟ್ ಹಾಕದೆ ಗಡಸು ನೀರನ್ನೇ ತುಂಬಿ ತುಂಬಿ, ಬ್ಲಾಕಿನೊಳಗೆ ಸ್ನಾನದ ಹಂಡೆಯಲ್ಲಿ ಕಟ್ಟುವಂಥ ಬಿಳಿ ಪದರ ಕಟ್ಟಿಕೊಂಡಿರುತ್ತದೆ. ಅಂಥ ಎಂಜಿನ್ನು ರಿಪೇರಿಯಾದ ಮೇಲೂ ಕುದಿಯುತ್ತದೆ.

ಈಗ ಚಿಂದಿ ಬಟ್ಟೆ, ಸೀಮೆಎಣ್ಣೆ ಅಥವಾ ಡೀಸೆಲ್, ಟಾರ್ಚು ಹಿಡಿದು ಎರಕದ ಭಾಗಗಳನ್ನು ನೋಡಿ. ಬ್ಲಾಕಿನ ಎರಡೂ ಪಕ್ಕ, ಎಂಜಿನ್ನು ಗೇರ್ ಬಾಕ್ಸಿಗೆ ಸೇರುವ ಜಾಗ, ಮುಂದಿನ ಆಕ್ಸಲ್ ಹಿಡಿದಿರುವ ಎರಕ, ಹಿಂದಿನ ಆಕ್ಸಲ್ ಕೊಳವೆಗಳು. ಟ್ರ್ಯಾಕ್ಟರಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಎಂಜಿನ್, ಗೇರ್ ಬಾಕ್ಸ್‌ಗಳ ಎರಕದ ಮೈಯೇ ಬೆನ್ನೆಲುಬು. ಬೆಸುಗೆಯ ಗೆರೆ, ಬೋಲ್ಟು ಹಾಕಿ ಕೂಡಿಸಿದ ಪಟ್ಟಿ, ಉಳಿದೆಡೆ ಇಲ್ಲದ ಹೊಸ ಬಣ್ಣ ಕಂಡರೆ ಉಗುರಿನಿಂದ ಕೆರೆಯಿರಿ. ನನ್ನ ಎಂ-ಸೀಲ್ ಪಾಠ ನೆನಪಿರಲಿ.

ಡೀಸೆಲ್ ಪಂಪಿನದು ಸಣ್ಣ ಪ್ಯಾರಾ, ದೊಡ್ಡ ಬಿಲ್ಲು. ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇಂದಿಗೂ 'ಮೈಕೋ ಪಂಪ್'. 1951ರಲ್ಲಿ ಶುರುವಾದ ಮೈಕೋ ಈಗ ಬಾಷ್ ಆಗಿದ್ದರೂ ಹೆಸರು ಉಳಿದಿದೆ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ. ಹಳೆಯ ಡೀಸೆಲ್ ವಾರ್ನಿಷಿನಂತೆ ನಾರುತ್ತಿದ್ದರೆ, ತಳದಲ್ಲಿ ಕಪ್ಪು ಲೋಳೆ ಇದ್ದರೆ, ಪಂಪು ಮತ್ತು ನಾಜಲ್‌ಗಳನ್ನು ಬಿಚ್ಚಿ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸುವ ಖರ್ಚು ಕಡ್ಡಾಯ. ಪಂಪೇ ಇಲ್ಲದಿದ್ದರೆ? ನಿಂತ ಗಾಡಿಯಿಂದ ಮೊದಲು ಮಾಯವಾಗುವುದು ಅದೇ. ಡೈನಮೋ, ಸೆಲ್ಫ್ ಮೋಟರುಗಳನ್ನೂ ಎಣಿಸಿಕೊಳ್ಳಿ.

ಹಿಂಭಾಗದಲ್ಲಿ ಬಚ್ಚಿಟ್ಟ ಬೆಲೆ

ಎಲ್ಲರೂ ಎಂಜಿನ್ನಿನ ಸುತ್ತಲೇ ತಿರುಗುತ್ತಾರೆ. ಅನುಭವಸ್ಥ ವ್ಯಾಪಾರಿ ಹಿಂದೆ ಹೋಗಿ ನಿಲ್ಲುತ್ತಾನೆ. ಏಕೆಂದರೆ ಎಂಜಿನ್ ರಿಪೇರಿ ಎಲ್ಲ ಪಟ್ಟಣದಲ್ಲೂ ಆಗುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕ್ರೌನ್ ಪಿನಿಯನ್ ಹಲ್ಲು ಹೋಗಿದ್ದರೆ, ಹೈಡ್ರಾಲಿಕ್ ಒಡಲು ಸೀಳಿದ್ದರೆ ಖರ್ಚಿಗೆ ಅಂಕೆಯಿಲ್ಲ. ಗೇರ್ ಬಾಕ್ಸಿನ ಆಯಿಲ್ ತುಂಬುವ ಮುಚ್ಚಳ ತೆಗೆದು ಅಯಸ್ಕಾಂತ ಕಟ್ಟಿದ ತಂತಿಯನ್ನು ಇಳಿಬಿಡಿ. ನುಣ್ಣನೆಯ ಕಪ್ಪು ಹುಡಿ ಬಂದರೆ ವಯಸ್ಸಿನ ಸಹಜ ಸವೆತ. ಹೊಳೆಯುವ ಚೂರುಗಳು ಬಂದರೆ ಯಾವುದೋ ಹಲ್ಲು ಮುರಿದಿದೆ.

ಗದ್ದೆ ಸೀಮೆಯ ಗಾಡಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆಸರಿಗೆಂದೇ ಇರುವ ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡು ವರ್ಷಕ್ಕೆರಡು ಬಾರಿ ಆಕ್ಸಲ್ ಮುಳುಗುವಷ್ಟು ಕೆಸರಿನಲ್ಲಿ ದುಡಿದ ಗಾಡಿಯ ಆಯಿಲ್ ಸೀಲುಗಳು ಸವೆದು, ಕೆಸರು ನೀರು ಒಳಸೇರಿರುತ್ತದೆ. ಬ್ರೇಕ್ ಡ್ರಮ್ಮಿನ ಕೆಳಗೆ ಜಿಡ್ಡಿನ ಕಲೆ ಇದೆಯೇ ನೋಡಿ. ಒಣಭೂಮಿಯಲ್ಲಿ, ಟ್ರೈಲರಿನಲ್ಲಿ ದುಡಿದ ಗಾಡಿಗಳಲ್ಲಿ ಈ ತೊಂದರೆ ಕಡಿಮೆ. ಅವುಗಳ ಕೊಂಡಿ, ಕ್ಲಚ್, ಬ್ರೇಕ್ ಸವೆದಿರುತ್ತವೆ. ಹಿಂದೆ ಜೋಡಿಸುವ ಯಂತ್ರಗಳನ್ನು ತಿರುಗಿಸುವ ಪಿಟಿಒ ಶಾಫ್ಟಿನ ಹಲ್ಲುಗಳು ಚೂಪಾಗಿ ಸವೆದಿದ್ದರೆ ಒಕ್ಕಣೆ ಯಂತ್ರಕ್ಕೋ ರೋಟವೇಟರಿಗೋ ಬಹಳ ದುಡಿದಿದೆ ಎಂದು ತಿಳಿಯಿರಿ. ಗಂಟೆ ತೋರಿಸುವ ಮೀಟರು ಏನೇ ಹೇಳಲಿ, ಕ್ಲಚ್ ಪೆಡಲ್ಲಿನ ಕಬ್ಬಿಣ ಸವೆದು ಹೊಳೆಯುತ್ತಿದ್ದರೆ ನಾನು ಪೆಡಲ್ಲನ್ನು ನಂಬುತ್ತೇನೆ.

ಕ್ಲಚ್ ಒತ್ತಿದರೂ ಬಿಡುತ್ತಿಲ್ಲವೆಂದರೆ ಗಾಬರಿ ಬೇಡ, ನಿಂತ ಗಾಡಿಯಲ್ಲಿ ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳುವುದು ಸಾಮಾನ್ಯ. ಆದರೂ ಗಾಡಿಯನ್ನು ಎರಡು ತುಂಡು ಮಾಡಿ ಬಿಚ್ಚುವ ಕೂಲಿಯನ್ನು ಲೆಕ್ಕಕ್ಕೆ ಸೇರಿಸಿ. ನೇಗಿಲು ಎತ್ತುವ ಹೈಡ್ರಾಲಿಕ್ ಲಿಫ್ಟ್ ಕೆಲಸ ಮಾಡುತ್ತದೋ ಇಲ್ಲವೋ ಎಂಜಿನ್ ಓಡದೆ ತಿಳಿಯುವಂತಿಲ್ಲ. ಇದು ಗೊತ್ತಿಲ್ಲದ ಖರ್ಚಿನ ಖಾತೆಗೆ.

ಟೈರು ಮತ್ತು ತಗಡಿನ ಬಗ್ಗೆ ಎರಡೇ ಮಾತು. ಹಿಂದಿನ ಟೈರಿನಲ್ಲಿ ಹಲ್ಲು ಎಷ್ಟೇ ಎತ್ತರವಿರಲಿ, ಪಕ್ಕದಲ್ಲಿ ದಾರ ಕಾಣುವಷ್ಟು ಬಿರುಕಿದ್ದರೆ ಅದು ಟೈರಲ್ಲ. ಭಾರಕ್ಕೆಂದು ಟ್ಯೂಬಿಗೆ ನೀರು ತುಂಬಿಸಿದ್ದ ಗಾಡಿಯಾದರೆ ವಾಲ್ವಿನ ಸುತ್ತ ರಿಮ್ಮನ್ನು ಚುಚ್ಚಿ ನೋಡಿ, ತುಕ್ಕು ಮೊದಲು ತಿನ್ನುವುದು ಅಲ್ಲೇ. ಬಾನೆಟ್ಟು, ಮಡ್‌ಗಾರ್ಡುಗಳ ಡೊಂಕಿಗೆಲ್ಲ ಬೆಲೆ ಇಳಿಸಲು ಹೋಗಬೇಡಿ, ಅದು ಚಿಲ್ಲರೆ ಜಗಳ.

ಕಾಗದ

ಕಾಗದವಿಲ್ಲದ ಟ್ರ್ಯಾಕ್ಟರ್ ಬಿಡಿಭಾಗಗಳ ರಾಶಿ. ಓಡಿದರೂ ಅಷ್ಟೇ.

ಆರ್‌ಸಿ ಪುಸ್ತಕ ಇದ್ದರೆ ಅದರ ನಂಬರುಗಳನ್ನು ನೀವು ತೆಗೆದ ಫೋಟೋ ಜೊತೆ ಒಂದೊಂದು ಅಂಕಿಯಾಗಿ ತಾಳೆ ನೋಡಿ. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, ಅದಕ್ಕೆ ಗಾಡಿಯನ್ನು ತೋರಿಸಬೇಕು, ಅಂದರೆ ಓಡಬೇಕು. ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರಿನ ಗಾಡಿಗಳು, ಕೈಬರಹದ ಪುಸ್ತಕಗಳು ಕಂಪ್ಯೂಟರಿನಲ್ಲಿ ಇಲ್ಲದೆ ಇರುವುದುಂಟು. ಆಗ ಆರ್‌ಟಿಒ ಕಚೇರಿಯಲ್ಲಿ ಹಳೆಯ ದಾಖಲೆ ಹುಡುಕಿಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಮಾಲೀಕರು ಬದುಕಿದ್ದರೆ ವರ್ಗಾವಣೆಗೆ ಫಾರಂ 29 ಮತ್ತು 30. ತೀರಿಹೋಗಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು. ಅಣ್ಣತಮ್ಮಂದಿರಲ್ಲಿ ಪಾಲಿನ ವ್ಯಾಜ್ಯವಿದ್ದರೆ ಈ ಒಂದು ಫಾರಮ್ಮೇ ವರ್ಷ ನುಂಗುತ್ತದೆ. ಬ್ಯಾಂಕಿನ ಸಾಲದ ನಮೂದು ಇದೆಯೇ ನೋಡಿ. ಮೂವತ್ತು ವರ್ಷದ ಹಿಂದೆ ತೀರಿಸಿದ ಸಾಲವಾದರೂ ಫಾರಂ 35ರಲ್ಲಿ ಬ್ಯಾಂಕಿನ ಸಹಿ ಬೀಳದೆ ಆ ನಮೂದು ಅಳಿಯುವುದಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತಲ್ಲ, ಅದರಲ್ಲಿ ಸೇರಿಸಬಹುದು ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ಆ ನಿಯಮ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ, ಟ್ರ್ಯಾಕ್ಟರಿಗಲ್ಲ.

ಈಗ ಲೆಕ್ಕ

ಕಾಗದದ ಮೇಲೆ ಮೂರು ಅಂಕಿ ಬರೆಯಬೇಕು. ಕೆಳಗಿನ ಮೊತ್ತಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಊರಿನ ಅಂದಿನ ದರವನ್ನು ನೀವೇ ವಿಚಾರಿಸಿ ತುಂಬಿಕೊಳ್ಳಿ.

ಮೊದಲನೆಯದು ನೆಲದ ಬೆಲೆ, ಅಂದರೆ ಗುಜರಿ. ಮ್ಯಾಸಿ 1035ರ ತೂಕ ಸುಮಾರು 1,700 ಕಿಲೋ. ಟೈರು, ರಬ್ಬರು, ಮಣ್ಣು ಕಳೆದು 1,500 ಕಿಲೋ ಕಬ್ಬಿಣ ಎಂದುಕೊಳ್ಳೋಣ. ಗುಜರಿ ದರ ಕಿಲೋಗೆ 30 ರೂಪಾಯಿ ಎಂದಿಟ್ಟುಕೊಂಡರೆ 45,000. ಕತ್ತರಿಸುವ, ಸಾಗಿಸುವ ಖರ್ಚು 6,000 ಕಳೆದರೆ 39,000. ಇದಕ್ಕಿಂತ ಕಡಿಮೆಗೆ ಕೊಡುವ ಅಗತ್ಯ ಯಾವ ಮಾಲೀಕರಿಗೂ ಇಲ್ಲ. ಗುಜರಿಯವನು ಕಣ್ಣಂದಾಜಿನಲ್ಲಿ ತೂಕ ಹೇಳಿದರೆ ವೇಬ್ರಿಡ್ಜಿಗೆ ಹೋಗೋಣ ಎನ್ನಿ.

ಎರಡನೆಯದು ಅದೇ ಮಾದರಿಯ, ಅದೇ ವಯಸ್ಸಿನ ಓಡುವ ಗಾಡಿಯ ಬೆಲೆ. ಓಎಲ್‌ಎಕ್ಸ್‌ನಲ್ಲಿ ಕಾಣುವುದು ಮಾರುವವರ ಆಸೆ, ವ್ಯಾಪಾರವಾದ ಬೆಲೆ ಬೇರೆ. ಷೋರೂಮಿನ ಎಕ್ಸ್‌ಚೇಂಜ್ ಯಾರ್ಡಿನಲ್ಲಿ, ಹಳೆಯ ಟ್ರ್ಯಾಕ್ಟರ್ ದಲ್ಲಾಳಿಗಳಲ್ಲಿ, ಇತ್ತೀಚೆಗೆ ಕೊಂಡ ಒಬ್ಬಿಬ್ಬರಲ್ಲಿ ಕೇಳಿ. ಮುಂಗಾರಿನ ಮುಂಚೆ ಕೇಳಿದರೆ ಒಂದು, ಬಿತ್ತನೆ ಮುಗಿದ ಮೇಲೆ ಕೇಳಿದರೆ ಇನ್ನೊಂದು. 1,60,000 ಎಂದಿಟ್ಟುಕೊಳ್ಳೋಣ.

ಮೂರನೆಯದು ಅದನ್ನು ಓಡಿಸಲು ತಗಲುವ ಖರ್ಚು. ಎಂಜಿನ್ ಕೈಯಲ್ಲಿ ತಿರುಗುವ ಗಾಡಿಯಾದರೆ: ಪಂಪ್ ಮತ್ತು ನಾಜಲ್ 12,000, ಬ್ಯಾಟರಿ ಮತ್ತು ಸೆಲ್ಫ್ 11,000, ಕ್ಲಚ್ 9,000, ಆಯಿಲ್-ಫಿಲ್ಟರ್-ಹೋಸು 6,000, ಮುಂದಿನ ಟೈರು 10,000. ಒಟ್ಟು 48,000. ಸಾಗಣೆ 6,000, ಕಾಗದ 7,000. ಕಾಣದ ಖರ್ಚಿಗೆ ರಿಪೇರಿಯ ಐದನೇ ಒಂದು ಭಾಗ, ಸುಮಾರು 10,000. ಎಲ್ಲ ಕಳೆದರೆ 89,000. ಇದು ಕೊಳ್ಳುವವನ ಮೇಲ್ಮಿತಿ. ಅಷ್ಟು ಕೊಟ್ಟರೆ ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಶ್ರಮ ಮಾತ್ರ ಇದೆ. ಆದ್ದರಿಂದ ವ್ಯಾಪಾರ ಕುದುರುವುದು ಎಪ್ಪತ್ತೈದರ ಆಸುಪಾಸಿನಲ್ಲಿ.

ಅದೇ ಗಾಡಿಯ ಎಂಜಿನ್ ಜಾಮ್ ಆಗಿದ್ದರೆ? ಲೈನರ್, ಪಿಸ್ಟನ್, ಬೇರಿಂಗ್, ಲೇತ್ ಕೆಲಸ, ಕೂಲಿ ಎಂದು 55,000 ಸೇರುತ್ತದೆ. ರಿಪೇರಿ 1,03,000, ಕಾಣದ ಖರ್ಚು 21,000. ಸಾಗಣೆ, ಕಾಗದ ಅಷ್ಟೇ. ಉಳಿಯುವುದು 23,000. ಗುಜರಿಯ 39,000ಕ್ಕಿಂತ ಕೆಳಗೆ! ಅಂದರೆ ಈ ಗಾಡಿಯನ್ನು ಓಡಿಸುವುದು ವ್ಯಾಪಾರದ ಲೆಕ್ಕಕ್ಕೆ ಹೊಂದುವುದಿಲ್ಲ. ಅದರ ಬೆಲೆ ಗುಜರಿಯ ಬೆಲೆ ಅಥವಾ ಬಿಡಿಭಾಗಗಳ ಬೆಲೆ. ಒಳ್ಳೆಯ ಗೇರ್ ಬಾಕ್ಸ್, ಲಿಫ್ಟ್, ಹಿಂದಿನ ಟೈರು, ಪಂಪು ಇದ್ದರೆ ಬಿಡಿಬಿಡಿಯಾಗಿ ಮಾರಿದಾಗ ಗುಜರಿಗಿಂತ ಹೆಚ್ಚೇ ಬರುತ್ತದೆ, ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇದ್ದರೆ. ಒಂದು ಸ್ಪ್ಯಾನರ್ ಅರ್ಧ ಸುತ್ತು ಬಂದಿತೋ ಇಲ್ಲವೋ ಎಂಬುದರ ಮೇಲೆ ಇಷ್ಟು ವ್ಯತ್ಯಾಸ.

ಅಜ್ಜನ ನೆನಪಿಗೆಂದು ಓಡಿಸಲೇಬೇಕು ಎನ್ನುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆದರೆ ಆ ನೆನಪಿನ ಬೆಲೆಯನ್ನು ಕೊಳ್ಳಲು ಬಂದವನಿಂದ ಕೇಳುವುದೂ ಸರಿಯಲ್ಲ.

ಮಾತು ಮುಗಿದ ಮೇಲೆ

ಮಾರುವವರ ಮುಂದೆ ಗಾಡಿಯನ್ನು ಹಳಿಯಬೇಡಿ. ನೀವು ಬರೆದ ಖರ್ಚಿನ ಚೀಟಿಯನ್ನೇ ತೋರಿಸಿ. ಸಾಮಾನು ದರ ಅವರಿಗೂ ಗೊತ್ತಿರುತ್ತದೆ. ಬೆಲೆ ಕುದುರಿದರೆ ಪೂರ್ತಿ ದುಡ್ಡು ಕೊಡುವ ಮುನ್ನ ಫಾರಂಗಳಿಗೆ ಸಹಿ, ಚಾಸಿ ನಂಬರು ಬರೆದ ಮಾರಾಟದ ಚೀಟಿ, ಅದರಲ್ಲಿ ತಾರೀಖಿನ ಜೊತೆ ಗಂಟೆಯೂ ಇರಲಿ. ಸಾಗಿಸುವಾಗ ಹಗ್ಗ ಕಟ್ಟಿ ರಸ್ತೆಯಲ್ಲಿ ಎಳೆದುಕೊಂಡು ಹೋಗಬೇಡಿ, ವರ್ಷಗಟ್ಟಲೆ ನಿಂತ ಬ್ರೇಕು ಯಾವಾಗ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಹೇಳಲಾಗದು. ಲಾರಿಗೆ ಏರಿಸಿ.

ಹೊರಡುವ ಮುನ್ನ ಅಟ್ಟದ ಮೇಲೆ ಒಮ್ಮೆ ನೋಡಲು ಹೇಳಿ. ಹಳೆಯ ಗಾಡಿಯ ಟಾಪ್ ಲಿಂಕ್, ಹ್ಯಾಂಡಲ್, ಕಂಪನಿ ಕೊಟ್ಟ ಪುಸ್ತಕ, ಎಂದೋ ಬಿಚ್ಚಿಟ್ಟ ಲೈಟು, ಕೆಲವೊಮ್ಮೆ ಕಳೆದೇ ಹೋಯಿತೆಂದುಕೊಂಡಿದ್ದ ಆರ್‌ಸಿ ಕೂಡ ಅಡಿಕೆ ಚೀಲದ ಹಿಂದೆ ಸಿಕ್ಕಿದ್ದಿದೆ.